ಸುಣ್ಣದ ಮಾವ

ನಮ್ಮ ಸೋದರಮಾವನಿಗೆ ಮಕ್ಕಳಿಲ್ಲ ಎನ್ನುವವರು ರಾಯದುರ್ಗದ ಅವರ ಹಿತ್ತಲು ನೋಡಿಲ್ಲ! ಅಲ್ಲಿ ಸಾಲಾಗಿ ಮೂರು ಸುಣ್ಣದ ಬಾನಿಗಳಿವೆ. ಮುಖ ತೊಳೆಯುವ ಮೊದಲೇ ಒಂದೊಂದರ ಮುಚ್ಚಳ ತೆಗೆದು, ಬತ್ತಿದಷ್ಟು ನೀರು ಹಾಕಿ, ಕೋಲಿನಿಂದ ತಿರುವಿ ಮಾತಾಡಿಸುತ್ತಾರೆ. ನಾನು ಮಡಕಶಿರಾದಿಂದ ಬಂದಿಳಿದರೂ "ಆರಾಮ ಇದ್ದೀಯೇನವ್ವ?" ಎಂದು ಕೇಳುವುದು ಬಾನಿಗಳ ಸರದಿ ಮುಗಿದ ಮೇಲೆಯೇ.

"ಇನ್ನೂ ಎಷ್ಟು ದಿನ ನೆನೀಬೇಕು ಮಾವಾ?"

"ಅವಸರ ಯಾಕ ಮಾಡ್ತಿ? ಮೂರು ತಿಂಗಳಾತು, ಈಗ ಮೊಸರಾಗೈತಿ. ಇನ್ನ ಬೆಣ್ಣಿ ಆಗಬೇಕು."

ಅಂದಿನಿಂದ ಆ ಮನೆಯಲ್ಲಿ ಮೊಸರು ಬಡಿಸಿದರೆ ನಾನು ಒಮ್ಮೆ ಮೂಸಿ ನೋಡುತ್ತೇನೆ!

ಇಷ್ಟೆಲ್ಲ ಉಪಚಾರ ಮಾವನೇ ನೋಡಿಕೊಳ್ಳುವ ಬೀದಿ ತುದಿಯ ಹಳೇ ಛತ್ರದ ಗಾರೆ ಗೋಡೆಗೆ. ಮೂರು ವರ್ಷಕ್ಕೊಮ್ಮೆ ಗೋಡೆಗೆ ನೀರು ಚಿಮುಕಿಸಿ, ಕತ್ತಾಳೆ ನಾರಿನ ಕುಂಚದಿಂದ ಹಾಲಿನಷ್ಟು ತೆಳ್ಳಗೆ ಒಂದು ಸಲ ಬಳಿದು, ಒಣಗಲು ಬಿಟ್ಟು, ಮತ್ತೆ ಬಳಿದು, ಹೀಗೆ ಐದು ಸಲ. ಎಲೆ ಅಡಿಕೆ ಹಾಕಿಕೊಂಡು, ಬೆರಳಲ್ಲುಳಿದ ಸುಣ್ಣವನ್ನು ಆ ಗೋಡೆಗೆ ಒರೆಸಿದವರ ಕಥೆ ಮುಗಿಯಿತು. "ಗೋಡಿ ಏನು ನಿಮ್ಮ ಟವೆಲ್ಲೇನ್ರಿ?" ಅತಿ ಹೆಚ್ಚು ಬೈಸಿಕೊಂಡವರು ನಮ್ಮತ್ತೆಯೇ. ಮಧ್ಯಾಹ್ನ ಛತ್ರದ ಜಗಲಿಯಲ್ಲಿ ಕೂತು ಎಲೆ ಮಡಿಸುತ್ತ, "ನಾನೂ ಸುಣ್ಣಾನೇ ಹಚ್ಚಾಕತ್ತೀನಿ, ನಿಮಗ್ಯಾಕ ಉರಿ?" ಎನ್ನುತ್ತಿದ್ದರು.

ಕಳೆದ ಬೇಸಿಗೆಯಲ್ಲಿ, ಪುರಸಭೆಯವರು ಊರಿನ ಹಳೇ ಕಟ್ಟಡಗಳಿಗೆಲ್ಲ ಪ್ಲಾಸ್ಟಿಕ್ ಪೇಂಟ್ ಬಳಿಸುತ್ತಾರೆಂಬ ಸುದ್ದಿ ಬಂತು. ಮಾವನಿಗೆ ಅನ್ನ ಸೇರಲಿಲ್ಲ. "ಗೋಡಿ ಉಸಿರು ಹೆಂಗ ಆಡ್ತೈತಿ? ಒಳಗಿನ ತ್ಯಾವಕ್ಕ ದಾರಿ ಬ್ಯಾಡೇನು? ಗಾರಿ ಸಮೇತ ಕಿತ್ತು ಬರ್ತೈತಿ!"

ಕೊನೆಗೆ ಕಚೇರಿಯಿಂದ ಫೋನು ಬಂದೇ ಬಂತು. ಆಂಧ್ರದ ಕರಾವಳಿ ಕಡೆಯಿಂದ ಹೊಸದಾಗಿ ಬಂದಿದ್ದ, ಕನ್ನಡ ತಿಳಿಯದ ಗುಮಾಸ್ತರು ತೆಲುಗಿನಲ್ಲಿ, ಛತ್ರಕ್ಕೆ ಎಷ್ಟು ಬಕೆಟ್ ಪೇಂಟ್ ಬೇಕೆಂದು ಕೇಳಿದರು. ಮಾವನಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಆದರೆ ಸಿಟ್ಟು ಬಂದರೆ ಬಾಯಿಗೆ ಬರುವುದು ಕನ್ನಡವೊಂದೇ.

"ಸುಣ್ಣ!" ಎಂದು ಕಿರುಚಿದರು.

"ಸುನ್ನಾನಾ?"

"ಹೌದ್ರಿ, ಸುಣ್ಣ! ಸುಣ್ಣ ಬಿಟ್ರ ಬ್ಯಾರೆ ಮಾತಿಲ್ಲ!"

ತೆಲುಗಿನಲ್ಲಿ ಸುನ್ನಾ ಎಂದರೆ ಸೊನ್ನೆ! ಪೇಂಟಿನವರು ಪಟ್ಟಿ ಹಿಡಿದು ಬಂದರು. ಅದರಲ್ಲಿ ಛತ್ರದ ಹೆಸರಿನ ಮುಂದೆ ದುಂಡಗೆ ಸೊನ್ನೆ ಬರೆದಿತ್ತು. ನಮಸ್ಕಾರ ಹಾಕಿ ಮುಂದಿನ ಬೀದಿಗೆ ಹೋದರು. ಗುಮಾಸ್ತರಷ್ಟು ಒಳ್ಳೆಯ ಮನುಷ್ಯ ಜಿಲ್ಲೆಯಲ್ಲೇ ಇಲ್ಲವೆಂದು ಮಾವ ಇವತ್ತಿಗೂ ಹೇಳುತ್ತಾರೆ.

ಮರುವಾರವೇ ಬಾನಿಗಳು ಛತ್ರಕ್ಕೆ ಹೊರಟವು. ಸುಣ್ಣ ಸೋಸಿಕೊಡುವ ಕೆಲಸ ನನ್ನದು. ಐದನೆಯ ಸಲ ಬಳಿದಾದ ಮೇಲೆ ಸುತ್ತ ನೋಡಿಕೊಂಡು ಬಂದೆ. ಜಗಲಿಯ ಗೋಡೆಯಲ್ಲಿ, ಕೂತವರ ಭುಜದ ಎತ್ತರಕ್ಕೆ, ಅಂಗೈಯಗಲ ಜಾಗ ಹಳೇ ಬಣ್ಣದಲ್ಲೇ ಉಳಿದಿತ್ತು. ಅದರ ಮೇಲೆ ಬೆರಳಿನಿಂದ ಎಳೆದ ಐದಾರು ಬಿಳಿ ಗೀಟು. ಅತ್ತೆ ತೀರಿಕೊಂಡು ಆಗಲೇ ಎರಡು ವರ್ಷ.

ಯೋಚಿಸದೆ ಹೇಳಿಬಿಟ್ಟೆ: "ಮಾವಾ, ಇಲ್ಲೊಂದು ಚೂರು ಬಿಟ್ಟಿದ್ದೀರ."

ಮಾವ ಕುಂಚ ತೊಳೆಯುತ್ತಲೇ ಇದ್ದರು. ತಲೆ ಎತ್ತಲಿಲ್ಲ.

"ಅಲ್ಲಿ ಆಗಲೇ ಸುಣ್ಣ ಹಚ್ಚೈತಲ್ಲವ್ವ."