ಉಯಿಲಿನ ಆರನೇ ಕಲಮು

ಅನಂತರಾಮು ಉಯಿಲು ಬರೆಸಲು ಹೊರಟಿದ್ದು ಮನೆಗಾಗಿ ಅಲ್ಲ. ಮನೆ ಹೇಗೂ ಹೆಂಡತಿ ಚೂಡಾಮಣಿಯ ಹೆಸರಿನಲ್ಲೇ ಇತ್ತು. ಅವರ ಚಿಂತೆಯೆಲ್ಲ ಫೋಟೋಗಳದ್ದು. ನಿವೃತ್ತರಾದ ಮೇಲೆ ಮೂರು ವರ್ಷ ಹನುಮಂತನಗರದ ಬೀದಿಬೀದಿ ಅಲೆದು, ಹಳೆಯ ಮನೆಗಳನ್ನು ಕೆಡವುವ ಮುನ್ನ ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದಿದ್ದರು. ಆರುನೂರ ಹನ್ನೆರಡು ಚಿತ್ರಗಳೂ ಅವರ ಇಮೇಲ್‌ನಲ್ಲಿ ಭದ್ರವಾಗಿದ್ದವು.

೨೦೦೭ರ ಒಂದು ಭಾನುವಾರ ವಕೀಲ ದೇವದಾಸ್ ಕರಡು ಹಿಡಿದು ಮನೆಗೇ ಬಂದರು. ಸಾಕ್ಷಿ ಹಾಕಲು ಎದುರುಮನೆ ಚಿನ್ನಪ್ಪ, ಮಹಡಿಯ ಬಾಡಿಗೆಮನೆಯ ಗದಗಿನ ಮುರಿಗೆವ್ವ ಬಂದು ಕೂತರು.

"ಆರನೇ ಕಲಮು, ಇಮೇಲು, ಅದರೊಳಗಿನ ಫೋಟೋ ಎಲ್ಲಾ ಮೇಡಂಗೆ. ಪಾಸ್‌ವರ್ಡ್ ಬೇರೆ ಕವರ್‌ನಲ್ಲಿ ಹಾಕ್ಕೊಡಿ ಸಾರ್. ಸರಿ ಇದ್ಯಾ ಅಂತ ಒಂದ್ಸಲ ನೋಡ್ಬಿಡಿ," ಎಂದರು ದೇವದಾಸ್.

ಅನಂತರಾಮು ಉತ್ಸಾಹದಿಂದ ಕಂಪ್ಯೂಟರಿನಲ್ಲಿ ಖಾತೆಯಿಂದ ಹೊರಬಂದು ಮತ್ತೆ ಒಳಹೋಗಲು ಹೊರಟರು. ಪಾಸ್‌ವರ್ಡ್ ಕೇಳುವ ಖಾಲಿ ಚೌಕ ಮೂಡಿತು. ಮೂರು ವರ್ಷದಿಂದ ಕಂಪ್ಯೂಟರೇ ನೆನಪಿಟ್ಟುಕೊಂಡಿದ್ದರಿಂದ ಅವರು ಮರೆತೇಬಿಟ್ಟಿದ್ದರು. ಮದುವೆಮನೆಯ ಬಾಗಿಲಲ್ಲಿ ಚಪ್ಪಲಿ ಕಳೆದುಕೊಂಡವರಂತೆ ನಿಂತರು.

"ಮರೆತುಹೋಗಿದೆ ಅಂತ ಒತ್ತಿ ಸಾರ್, ಅದೇ ಒಂದು ಪ್ರಶ್ನೆ ಕೇಳತ್ತೆ," ಎಂದು ಚಿನ್ನಪ್ಪ ತಾವೇ ಒತ್ತಿದರು.

ಪ್ರಶ್ನೆ ಬಂತು: ನಿಮಗೆ ಅತ್ಯಂತ ಇಷ್ಟವಾದ ಅಡುಗೆ ಯಾವುದು?

ಚೂಡಾಮಣಿಯ ಮುಖ ಅರಳಿತು. "ಇದಕ್ಯಾಕೆ ಯೋಚ್ನೆ? ನಾನು ಮಾಡೋ ಬಿಸಿಬೇಳೆಬಾತು!"

ತಪ್ಪು.

"ಸ್ಪೆಲಿಂಗ್ ತಪ್ಪಿರ್ಬೇಕು ಮೇಡಂ," ಎಂದು ಚಿನ್ನಪ್ಪ ಒಂದು ಅಕ್ಷರ ಸೇರಿಸಿದರು. ಅದೂ ತಪ್ಪು. ಮಸಾಲೆದೋಸೆಯೂ ತಪ್ಪಾಯಿತು.

ಖಾತೆ ತೆರೆದಾಗ ತಾವೇ ಬರೆದಿದ್ದ ಉತ್ತರ ಅನಂತರಾಮುಗೆ ಆಗಲೇ ನೆನಪಾಗಿತ್ತು, ಆದರೆ ಬಾಯಿ ಬಿಡುವಂತಿರಲಿಲ್ಲ. "ಹೋದ್ರೆ ಹೋಗ್ಲಿ ಬಿಡ್ರಿ, ಹಳೇ ಮನೆಗಳು ತಾನೆ," ಎಂದು ಬೆವರು ಒರೆಸಿಕೊಂಡರು.

"ಅಯ್ಯ, ಮೂರ್ ವರ್ಷದ ದುಡಿಮಿ ಹಂಗ್ಯಾಕ ಬಿಡ್ತೀರ್ರೀ ಅಣ್ಣಾರ?" ಎಂದರು ಮುರಿಗೆವ್ವ. "ನಮ್ಮ ಬದನಿಕಾಯಿ ಎಣಗಾಯಿ ಹಾಕಿ ನೋಡ್ರಲ್ಲ. ವಾರಕ್ಕೆರಡ ಸಲ ಮ್ಯಾಲ ಬಂದು ಬಟ್ಟಲಾ ನೆಕ್ಕಿ ಹೋಗ್ತೀರಿ!"

ಚಿನ್ನಪ್ಪ ಟೈಪ್ ಮಾಡಿದರು. ಬೀಗ ಬಿಟ್ಟುಕೊಂಡಿತು.



"ಬದನೆಕಾಯಿ ತಿಂದ್ರೆ ಮೈಯೆಲ್ಲಾ ನವೆ ಅಂದಿದ್ರಲ್ಲ," ಎಂದರು ಚೂಡಾಮಣಿ, ಬಹಳ ಮೆತ್ತಗೆ. "ಮೂವತ್ತು ವರ್ಷದಿಂದ ನಾನು ಬದನೆಕಾಯಿ ಮನೆಗೇ ತಂದಿಲ್ಲ."

"ಅದು... ಗದಗಿನ ಬದನೆಕಾಯಿಗೆ ನವೆ ಆಗಲ್ಲ ಕಣೇ..."

ಪರದೆಯ ಮೇಲೆ ಹೊಸ ಪಾಸ್‌ವರ್ಡ್ ಹಾಕಿ ಎಂಬ ಸಾಲು ಕಾಯುತ್ತಿತ್ತು. ಚೂಡಾಮಣಿ ಗಂಡನನ್ನು ಪಕ್ಕಕ್ಕೆ ಸರಿಸಿ ಕುರ್ಚಿಯಲ್ಲಿ ಕೂತರು. ಮದುವೆಗೆ ಮುಂಚೆ ಟೈಪಿಂಗ್ ಸೀನಿಯರ್ ಪಾಸಾಗಿದ್ದ ಬೆರಳುಗಳು ಕೀಲಿಗಳ ಮೇಲೆ ಪಟಪಟ ಓಡಿದವು. ಏನೆಂದು ಯಾರಿಗೂ ಕಾಣಲಿಲ್ಲ.

"ಏನು ಹಾಕ್ದೆ?"

"ಅದು ನನ್ನ ಹತ್ರ ಇರತ್ತೆ."

ದೇವದಾಸ್ ಪೆನ್ನು ತೆಗೆದರು. "ಹಾಗಾದ್ರೆ ಸಾರ್, ಆರನೇ ಕಲಮು ಹೊಡೆದುಹಾಕ್ಬೇಕಾಗತ್ತೆ. ಕೈಯಲ್ಲಿ ಇಲ್ಲದ್ದನ್ನ ಯಾರಿಗೂ ಬರೆಯೋಕಾಗಲ್ಲ."

"ಹೊಡೆದುಹಾಕಿ," ಎಂದರು ಚೂಡಾಮಣಿ. "ಆ ಪೇಪರ್ ಎತ್ತಿಟ್ಟು ನನ್ನ ಹೆಸರಲ್ಲಿ ಒಂದು ಉಯಿಲು ಬರೀರಿ. ನಾನು ಹೋದ್ಮೇಲೆ ಫೋಟೋಗಳೆಲ್ಲಾ ಇವರಿಗೆ."

ಅಂದಿನಿಂದ ದಿನಾ ಸಂಜೆ ಇಬ್ಬರೂ ಕೂತು ಹಳೆಯ ಮನೆಗಳನ್ನು ನೋಡುತ್ತಾರೆ. ಚೂಡಾಮಣಿ ಪಾಸ್‌ವರ್ಡ್ ಒತ್ತುವಷ್ಟು ಹೊತ್ತು ಅನಂತರಾಮು ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ.