ಹೊಲಿಗೆಗೆ ಬಿಟ್ಟ ಒಂದಿಂಚು

ಡ್ರಿಲ್ ಮೇಷ್ಟ್ರನ್ನು ನಾನು ಮೊದಲು ಕಂಡ ದಿನ ಅವರು ಓಡುತ್ತಿದ್ದರು. ಹಿಂದೆ ಅಟ್ಟಿಸಿಕೊಂಡು ಬರುವ ನಾಯಿ ಇರಲಿಲ್ಲ, ಮುಂದೆ ತಪ್ಪಿಹೋಗುವ ಬಸ್ಸೂ ಇರಲಿಲ್ಲ. ತಲೆ ಪೂರಾ ನರೆತ ಮನುಷ್ಯ, ಬಲಮಂಡಿಗೆ ಕಪ್ಪು ಪಟ್ಟಿ ಬಿಗಿದುಕೊಂಡು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ನೀರಿನ ಟ್ಯಾಂಕಿನ ಹಿಂದಿನ ಕಾಲುದಾರಿಯಲ್ಲಿ ಒಂದು ಸುತ್ತು ಓಡಿ, ತಾವು ಹೊರಟಿದ್ದ, ದಾರಿಯ ಉದ್ದ ಬರೆದ ಬೋರ್ಡಿನ ಹತ್ತಿರವೇ ಬಂದು ನಿಂತರು. ಹೊರಟಲ್ಲಿಗೇ ಬರುವುದಾದರೆ ಇಷ್ಟು ಅವಸರ ಯಾಕೆ ಎಂದು ನನಗೆ ತಿಳಿಯಲಿಲ್ಲ.

ನನ್ನನ್ನು ಅಲ್ಲಿಗೆ ಎಳೆದು ತಂದವಳು ಸೊಸೆ. ನಲವತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತು ನನ್ನ ಬೆನ್ನು ಮಿಷನ್ನಿನ ಆಕಾರಕ್ಕೇ ಬಂದಿದೆ ಎಂಬುದು ಅವಳ ಸಂಶೋಧನೆ.

"ಒಂದೇ ಒಂದು ಸುತ್ತು, ಅತ್ತೆ. ಸುಮ್ನೆ ಮಜಾಕ್ಕೆ ನಡೀರಿ," ಅಂದಳು.

ಮಜಾಕ್ಕೆ ನಡೆಯುವುದು ನನಗೆ ಹೊಸ ಸಂಗತಿ. ಅಲ್ಲಿಯವರೆಗೆ ನಾನು ನಡೆದದ್ದೆಲ್ಲ ಗುಂಡಿಗೆ, ದಾರಕ್ಕೆ, ಲೈನಿಂಗ್ ಬಟ್ಟೆಗೆ. ಆದರೂ ಈ ಮನುಷ್ಯ ಓಡುವುದು ಯಾತಕ್ಕೆ ಎಂದು ತಿಳಿದುಕೊಳ್ಳದೆ ಮನೆಗೆ ಹೋಗುವ ಹಾಗಿರಲಿಲ್ಲ.

"ಎಷ್ಟಾಯ್ತು ಸಾರ್?" ಸೊಸೆ ಕೇಳಿದಳು.

"ಹತ್ತು ನಿಮಿಷ ಎಂಟು ಸೆಕೆಂಡ್. ಎರಡು ವರ್ಷದಿಂದ ಇಲ್ಲೇ ನಿಂತಿದೆ. ಹತ್ತರೊಳಗೆ ಬರ್ತಾನೇ ಇಲ್ಲ."

"ಬರದೇ ಇದ್ರೆ ಏನಾಗುತ್ತೆ?" ಅಂದೆ.

"ಅಕ್ಕಾ, ಮೂವತ್ತು ವರ್ಷ ವಿಸಲ್ ಊದಿ, ಹತ್ತು ನಿಮಿಷದೊಳಗೆ ಬರಬೇಕು ಅಂತ ಶಾಲೆ ಮಕ್ಕಳನ್ನ ಬೈದಿದೀನಿ. ನಾನು ಒಂದ್ಸಲನಾದ್ರೂ ಬರಬೇಡ್ವಾ? ಇರೋದು ಈ ತಿಂಗಳು ಮೂವತ್ತರವರೆಗೆ. ಆಮೇಲೆ ಓಡಿದ್ರೆ ಮಂಡಿ ನನ್ನ ಜವಾಬ್ದಾರಿ ಅಲ್ಲ ಅಂದಿದಾರೆ ಡಾಕ್ಟ್ರು."

ನಾನು ಬೋರ್ಡಿನ ಕಡೆ ನೋಡಿದೆ. ಅಕ್ಷರವಾದರೆ ನಾನು ಒಂದೊಂದಾಗಿ ಕೂಡಿಸಿಕೊಳ್ಳಬೇಕು. ಅಂಕಿ ಹಾಗಲ್ಲ, ಟೇಪು ಕಲಿಸಿಬಿಟ್ಟಿದೆ. ಸಾವಿರದ ಐನೂರು ಮೀಟರ್ ಎಂದಿತ್ತು. ನನಗೆ ಅಲ್ಲೇ ಅನುಮಾನ ಬಂತು. ನಲವತ್ತು ವರ್ಷದಲ್ಲಿ ಯಾರ ಎದೆಯೂ ಯಾರ ಸೊಂಟವೂ ಇಷ್ಟು ದುಂಡಗಿನ ಅಂಕಿಗೆ ಬಂದದ್ದನ್ನು ನಾನು ಕಂಡಿಲ್ಲ. ದಾರಿ ಮಾತ್ರ ಬರುತ್ತದೆಯೇ?

"ಇದನ್ನ ಅಳೆದೋರು ಯಾರು, ಮೇಷ್ಟ್ರೇ?"

"ಬೋರ್ಡ್ ಬರೆಸಿದೋರು."

"ಬರೆಸಿದ್ರು ಸರಿ. ಅಳೆದ್ರಾ?"

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ನೋಡಿದರು. ಸೊಸೆ ತನ್ನ ಕೈಗಡಿಯಾರ ಮುಂದೆ ಹಿಡಿದಳು. "ಅತ್ತೆ, ಇದೂ ಸಾವಿರದ ಐನೂರು ಅಂತಾನೇ ತೋರಿಸ್ತಿದೆ."

"ನೀನು ಕೂತು ತಲೆ ಬಾಚಿಕೊಂಡ್ರೂ ಅದು ನಡೆದೆ ಅನ್ನುತ್ತೆ. ಅದರ ಮಾತು ಬಿಡು," ಅಂದೆ.

ಮಾರನೆಯ ಬೆಳಗ್ಗೆಯೇ ನನ್ನ ಒಂದೂವರೆ ಮೀಟರಿನ ಟೇಪು, ಗುರುತು ಹಾಕುವ ಚಾಕು, ಒಂದು ಚೀಲ ಗುಂಡಿ ತೆಗೆದುಕೊಂಡು ಹೋದೆ. (ಚಾಕು ಅಂದರೆ ಟೈಲರ್ ಸೀಮೆಸುಣ್ಣ. ದಾರಿಯಲ್ಲಿ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಇಬ್ಬರು ದೂರ ಸರಿದು ನಿಂತಿದ್ದರು.) ಬಗ್ಗಿ ಟೇಪು ಹಾಸುವುದು, ಗೆರೆ ಎಳೆಯುವುದು, ಮುಂದೆ ಸರಿಯುವುದು. ಹತ್ತು ಟೇಪಾದರೆ ಒಂದು ಗುಂಡಿ ಸೆರಗಿನ ಗಂಟಿಗೆ. ಆ ದಿನ ಎಲ್ಲಿಗೆ ನಿಂತಿತೋ ಅಲ್ಲಿನ ಗಿಡಕ್ಕೆ ಒಂದೆಳೆ ಕೆಂಪು ದಾರ.

ಬಗ್ಗಿದ ಮುದುಕಿಯನ್ನು ಕಂಡರೆ ಜನರಿಗೆ ಒಂದೇ ಯೋಚನೆ. ಮೂರನೆಯ ದಿನ ಒಬ್ಬ ಹೆಂಗಸು ಬಂದು, "ಓಲೆ ಬಿತ್ತಾ ಅಜ್ಜಿ?" ಎಂದು ತಾನೂ ಬಗ್ಗಿದಳು. ಅವಳನ್ನು ನೋಡಿ ಅವಳ ಗಂಡ ಬಗ್ಗಿದ. ಅವರನ್ನು ನೋಡಿ ಬ್ಯಾಂಕಿನವರೊಬ್ಬರು. ನಾನು ಇಲ್ಲ ಇಲ್ಲ ಎಂದರೂ ಬಿಡದೆ ಅರ್ಧ ಗಂಟೆ ಹುಡುಕಿ, ಕೊನೆಗೆ ಬ್ಯಾಂಕಿನವರು ನನ್ನದೇ ಗುಂಡಿಯೊಂದನ್ನು ಎತ್ತಿ ಕೊಟ್ಟು ಧನ್ಯರಾದರು. ಅದು ಲೆಕ್ಕದ ಗುಂಡಿ ಆದ್ದರಿಂದ ನಾನೂ ಧನ್ಯಳಾದೆ. ಸೊಸೆ ಮಾತ್ರ ಆವತ್ತಿನಿಂದ ನನಗಿಂತ ಇನ್ನೂರು ಹೆಜ್ಜೆ ಮುಂದೆ, ಯಾರೋ ಏನೋ ಎಂಬಂತೆ ನಡೆಯತೊಡಗಿದಳು.

ಒಂಬತ್ತು ಬೆಳಗ್ಗೆ ಹಿಡಿಯಿತು. ಹದಿನೆಂಟನೆಯ ತಾರೀಕು ಬೋರ್ಡಿನ ಬುಡಕ್ಕೆ ಬಂದು ಮುಟ್ಟಿದಾಗ ಗಂಟಿನಲ್ಲಿ ನೂರಾ ಒಂದು ಗುಂಡಿ, ಮೇಲೆ ಏಳು ಟೇಪು. ಸಾವಿರದ ಹದಿನೇಳು ಟೇಪು. ಬೋರ್ಡಿನ ಪ್ರಕಾರ ಸರಿಯಾಗಿ ಸಾವಿರ ಇರಬೇಕಿತ್ತು.

"ಮೇಷ್ಟ್ರೇ, ದಾರಿ ಇಪ್ಪತ್ತೈದೂವರೆ ಮೀಟರ್ ಉದ್ದ ಇದೆ," ಅಂದೆ.

ಅವರು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಕೂಡಿ ಕಳೆದು ಭಾಗಿಸಿದರು. ಅಳಿಸಿ ಎರಡನೆಯ ಸಲ ಭಾಗಿಸಿದರು. "ಅಂದ್ರೆ ನಾನು ಸಾವಿರದ ಐನೂರನ್ನ ಒಂಬತ್ತು ನಿಮಿಷ ಐವತ್ತೆಂಟು ಸೆಕೆಂಡಿಗೆ ಓಡಿದೀನಿ, ಅಕ್ಕಾ. ಎರಡು ವರ್ಷದಿಂದ ದಿನಾ ಓಡಿದೀನಿ. ನನಗೇ ಗೊತ್ತಿಲ್ಲ."

ಅವರು ಅಂದೇ ಬೂಟು ಬಿಚ್ಚಿ ಚಪ್ಪಲಿಗೆ ಬಂದರು. ದಿನಾ ನಿಧಾನವಾಗಿ ಒಂದು ಸುತ್ತು ನಡೆದು, ಬೆಂಚಿನಲ್ಲಿ ಕೂತು, ಸಿಕ್ಕವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು: "ಈ ಅಕ್ಕ ಅಳೆದಿದ್ದು. ಕೈ ಅಂದ್ರೆ ಕೈ." ಜನ ನನಗೆ ದಾರಿ ಬಿಟ್ಟು ನಡೆದರು. ಬ್ಯಾಂಕಿನವರು ತಮ್ಮ ಎತ್ತರದ ಬಗ್ಗೆಯೂ ನನ್ನ ಅಭಿಪ್ರಾಯ ಕೇಳಿದರು. ಬೋರ್ಡನ್ನು ತಿದ್ದಿಸಬೇಕೆಂದು ಅರ್ಜಿಯೊಂದು ತಯಾರಾಯಿತು. ಅದರ ಕೆಳಗೆ ನಾನು ಐದು ನಿಮಿಷ ತೆಗೆದುಕೊಂಡು ನನ್ನ ಹೆಸರು ಬರೆದೆ.

ಇಪ್ಪತ್ತೊಂಬತ್ತರ ಬೆಳಗ್ಗೆ ಸೊಸೆ, "ಅತ್ತೆ, ನೆಲಹಾಸು ತರಬೇಕು. ಹಾಲ್ ಎಷ್ಟುದ್ದ ಇದೆ ನೋಡಿ, ನೀವು ಹೇಗೂ ಸರ್ವೇ ಇಲಾಖೆ," ಅಂದಳು. ನಾನು ಟೇಪು ಹಾಸಿ ಗೆರೆ ಎಳೆದೆ. ಎರಡನೆಯ ಸಲ ಹಾಸಿದೆ.

"ನಿಲ್ಲಿ ನಿಲ್ಲಿ. ಗೆರೆ ಅಲ್ಲಿದೆ. ಟೇಪು ಯಾಕೆ ಅದಕ್ಕಿಂತ ಹಿಂದಿನಿಂದ ಶುರುವಾಯ್ತು?"

"ಒಂದಿಂಚು ಬೇಡ್ವೇನೇ?"

"ಯಾತಕ್ಕೆ?"

"ಹೊಲಿಗೆಗೆ."

ಸೊಸೆ ನನ್ನ ಮುಖ ನೋಡಿದಳು. "ದಾರಿ ಅಳೆಯುವಾಗಲೂ ಹೀಗೇ ಬಿಟ್ರಾ?"

ಬಿಡದೆ ಇರುತ್ತೇನೆಯೇ? ಒಂದು ತುಂಡಿಗೆ ಇನ್ನೊಂದು ತುಂಡು ಸೇರುವ ಕಡೆ ಒಂದಿಂಚು ಬಿಡದೆ ನಾನು ಕತ್ತರಿ ಹಿಡಿದವಳೇ ಅಲ್ಲ. ಆ ಒಂದಿಂಚಿನ ಪುಣ್ಯದಿಂದಲೇ ನಮ್ಮ ಯಜಮಾನರು, ಇರುವಷ್ಟು ದಿನ, ಒಂದೇ ಅಂಗಿಯಲ್ಲಿ ಹನ್ನೊಂದು ವರ್ಷ ದಪ್ಪಗಾದರು.

"ಅತ್ತೆ, ಆ ದಾರೀನ ಯಾರು ಹೊಲೀತಾರೆ?"

ಸಾವಿರದ ಹದಿನೇಳು ಸಲ ಒಂದೊಂದಿಂಚು. ಸೊಸೆ ಲೆಕ್ಕ ಮಾಡಿ, ಬೋರ್ಡೇ ಸರಿ ಎಂದು ಹೇಳುವ ಮೊದಲೇ ನಾನು ಚಪ್ಪಲಿ ಮೆಟ್ಟಿದ್ದೆ.

ಮೇಷ್ಟ್ರು ಬೆಂಚಿನಲ್ಲಿ ಕೂತಿದ್ದರು. ಹೇಳಿದೆ. ಹೊಲಿಗೆ, ಒಂದಿಂಚು, ಯಜಮಾನರ ಅಂಗಿ, ಯಾವುದನ್ನೂ ಬಿಡಲಿಲ್ಲ.

"ಅಂದ್ರೆ ನಂದು ಹತ್ತು ನಿಮಿಷ ಎಂಟೇ," ಅಂದರು.

"ಎಂಟೇ, ಮೇಷ್ಟ್ರೇ."

ಅವರು ಬಗ್ಗಿ ಮಂಡಿಯ ಪಟ್ಟಿ ಬಿಚ್ಚಿ ಮತ್ತೆ ಬಿಗಿದುಕೊಂಡರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಮೇಲೆ, "ಹನ್ನೊಂದು ದಿನ ಓಡದೆ ಮಂಡಿ ನೋವು ಎಲ್ಲಿ ಹೋಯ್ತೋ ಗೊತ್ತಿಲ್ಲ," ಅಂದರು. "ನಾಳೆ ಮೂವತ್ತು. ಸ್ಟಾಪ್‌ವಾಚ್ ನೀವು ಹಿಡೀರಿ ಅಕ್ಕಾ. ಓಡ್ತಾ ಓಡ್ತಾ ಅದನ್ನ ನೋಡೋದರಲ್ಲೇ ನಂದು ಅರ್ಧ ಹೊತ್ತು ಹೋಗ್ತಿತ್ತು."

ಮೂವತ್ತನೆಯ ಬೆಳಗ್ಗೆ ಬೋರ್ಡಿನ ಬುಡದಲ್ಲಿ ನನ್ನ ಚಾಕಿನಿಂದಲೇ ಗೆರೆ ಎಳೆದೆ. ಅವರ ಕಾಲು ಗೆರೆ ಬಿಟ್ಟ ಕ್ಷಣಕ್ಕೆ ಗುಂಡಿ ಒತ್ತಿದೆ. ಮರಗಳ ಹಿಂದೆ ಮರೆಯಾದರು. ನಾನು ಕಣ್ಣು ಮಿಟುಕಿಸಲಿಲ್ಲ. ಸೊಸೆ ಮಾತಾಡಿಸಿದರೂ ಉತ್ತರ ಕೊಡಲಿಲ್ಲ. ಕೊನೆಯ ತಿರುವಿನಲ್ಲಿ ಬಿಳಿ ತಲೆ ಕಂಡಾಗ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟೆ. ಬ್ಯಾಂಕಿನವರು ಚಪ್ಪಾಳೆ ಹೊಡೆಯುತ್ತಿದ್ದರು. ಮೇಷ್ಟ್ರ ಎದೆ ಗೆರೆ ದಾಟಿತು, ನಾನು ಒತ್ತಿದೆ. ಒಂದು ನೂಲು ಮುಂಚೆ ಇಲ್ಲ, ಒಂದು ನೂಲು ಆಮೇಲೆ ಇಲ್ಲ. ಇದನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಒಂಬತ್ತು ನಿಮಿಷ ಐವತ್ತೊಂಬತ್ತು ಸೆಕೆಂಡ್.

ಮೇಷ್ಟ್ರು ಹುಲ್ಲಿನ ಮೇಲೆ ಅಂಗಾತ ಬಿದ್ದು, ಕೈ ಚಾಚಿ ಸ್ಟಾಪ್‌ವಾಚ್ ಇಸಿದುಕೊಂಡರು. ಒಂದು ಸಲ ನೋಡಿದರು, ಒರೆಸಿ ಇನ್ನೊಂದು ಸಲ ನೋಡಿದರು. ಮುಖ ಅರಳಿತು. ಅರಳಿದ್ದು ಅಲ್ಲೇ ನಿಂತಿತು. ಮೆಲ್ಲಗೆ ಎದ್ದು ಕೂತು, ನನ್ನ ಹೆಬ್ಬೆರಳನ್ನೇ ನೋಡುತ್ತಾ, ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಅಕ್ಕಾ, ನಿಜ ಹೇಳಿ. ಇದರಲ್ಲಿ ಹೊಲಿಗೆಗೆ ಅಂತ ಎಷ್ಟು ಬಿಟ್ಟಿದೀರಿ?"