ಎಲ್ಲರೂ ಇದ್ದ ವಾಕ್ಯ

ಕಲ್ಯಾಣಪ್ಪ ಮಾಸ್ತರರಿಗೆ ಕಷ್ಟ ತಂದದ್ದು ಒಂದು ಎಮ್ಮೆ. ಅದೂ ಹಾಲು ಕೊಡುವ ಎಮ್ಮೆಯಲ್ಲ, ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಎಮ್ಮೆ.

ಆಗಿನ್ನೂ ಎಂಬತ್ತರ ದಶಕ. ಮಾಸ್ತರರು ಗೊಬ್ಬೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಹೆಂಡತಿ ಶಿವಕಾಂತಾ ಆಳಂದದಲ್ಲಿ ನರ್ಸ್. ಮದುವೆಯಾದಾಗಿನಿಂದ ಅವರ ಸಂಸಾರವೆಲ್ಲ ಶನಿವಾರ ಬಸ್ಸು ಇಳಿಯುವುದು, ಸೋಮವಾರ ಬಸ್ಸು ಹತ್ತುವುದು, ಇವೆರಡರ ನಡುವೆಯೇ ನಡೆದಿತ್ತು. ಈಗ ಆಳಂದದ ಶಾಲೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಈ ಶನಿವಾರ ತನಿಖೆಗೆ ಬರುವ ಚಂದ್ರಾಮಪ್ಪ ಸಾಹೇಬರು ಪಾಠ ಮೆಚ್ಚಿ ಶಿಫಾರಸು ಮಾಡಿದರೆ ಅದು ಇವರದೇ. ‘ವರ್ಗಾ ಮಾಡಿಸ್ಕೊಂಡೇ ಬರ್ರಿ. ಇಲ್ಲಾಂದ್ರ ಅಲ್ಲೇ ಇರ್ರಿ’ ಎಂದು ಶಿವಕಾಂತಾ ಹೇಳಿ ಕಳಿಸಿದ್ದಳು.

ಅದಕ್ಕೆಂದೇ ಮಾಸ್ತರರು ಶುಕ್ರವಾರ ಒಂದು ವಾಕ್ಯ ಕಟ್ಟಿದರು. ಮಾತಿಗೆ ಮಾತು ಸೇರಿಸುವ ಪದ, ಹೆಸರಿನ ಬದಲಿಗೆ ಬರುವ ಪದ, ಯಾವುದು ಯಾರದೆಂದು ತೋರಿಸುವ ಪದ, ಮೂರೂ ಅದರಲ್ಲೇ ಬರಬೇಕು. ಪುಸ್ತಕದಲ್ಲಿದ್ದ ಜಾನ್ ಮತ್ತು ಮೇರಿ ಮಕ್ಕಳಿಗೆ ಗುರುತಿನವರಲ್ಲ ಎಂದು ಊರವರನ್ನೇ ತಂದು ನಿಲ್ಲಿಸಿದರು: ‘ಪ್ಯಾರಿಬಿ ಆ್ಯಂಡ್ ಹರ್ ಬಫೆಲೋ ವೆಂಟ್ ಟು ದ ವೆಲ್, ಬಟ್ ದೌಲತರಾಯ ಸ್ಟಾಪ್ಡ್ ದೆಮ್, ಬಿಕಾಸ್ ಇಟ್ ವಾಸ್ ಹಿಸ್ ವೆಲ್.’ ಪ್ಯಾರಿಬಿ ಮತ್ತು ಅವಳ ಎಮ್ಮೆ ಬಾವಿಗೆ ಹೋದರು, ಆದರೆ ದೌಲತರಾಯ ಅವರನ್ನು ತಡೆದ, ಏಕೆಂದರೆ ಬಾವಿ ಅವನದು. ಮಕ್ಕಳು ಅದನ್ನು ಮನೆಗೆ ಒಯ್ದು ಒಲೆಯ ಮುಂದೆ ಕೂತು ಅರ್ಥಸಮೇತ ಒಪ್ಪಿಸಿದರು.

ಮರುದಿನ ಬೆಳಿಗ್ಗೆ ಮಾಸ್ತರರು ಅರ್ಧ ಗಡ್ಡ ಬೋಳಿಸಿ, ಉಳಿದರ್ಧಕ್ಕೆ ಸೋಪು ಹಚ್ಚಿಕೊಂಡಿದ್ದಾಗ ದೌಲತರಾಯನ ತಮ್ಮ ರೇವಣಪ್ಪ ಬಂದು ನಿಂತ. ಅಣ್ಣತಮ್ಮಂದಿರು ಅದೇ ಬಾವಿಯ ಸಲುವಾಗಿ ಮಾತು ಬಿಟ್ಟು ವರ್ಷಗಳಾಗಿದ್ದವು.

‘ಮಾಸ್ತರ್, ಬಾವಿ ದೌಲತನದು ಅಂತ ಇಂಗ್ಲೀಷಿನ್ಯಾಗ ಬರದೀರಂತ, ಖರೇ ಏನ್ರಿ?’

‘ಅದು ಬರೇ ಪಾಠಕ್ಕರಿ, ರೇವಣಪ್ಪನವರ...’

‘ಕನ್ನಡದಾಗ ಬರದಿದ್ರ ಅಳಸ್ರಿ ಅಂತಿದ್ದೆ. ಇಂಗ್ಲೀಷಿನ್ಯಾಗ ಬಿದ್ದಮ್ಯಾಲ ಸರಕಾರ ಬರದಂಗ ಅಲ್ಲೇನ್ರಿ? ನಮ್ಮಪ್ಪ ಇಬ್ಬರಿಗೂ ಸೇರಿಸಿ ಬಿಟ್ಟ ಬಾವಿ ಅದು!’

ಮಾಸ್ತರರ ಕಣ್ಣ ಮುಂದೆ ಸಾಹೇಬರ ಜೀಪು ಬಂತು. ‘ಹಿಸ್ ತೆಗದು ದೇರ್ ಹಾಕಿಬಿಡ್ತೇನ್ರಿ’ ಎಂದರು.

‘ದೇರ್ ಅಂದ್ರ?’

‘ಅವರದು ಅಂತ. ಇಬ್ಬರದೂ.’

‘ಯಾರಿಗೆಷ್ಟು ಅಂತ ಹೇಳತದೇನು ಅದು?’

‘ಇಲ್ರಿ. ಬರೇ ಇಬ್ಬರದು ಅಂತದ, ಸುಮ್ಮನಾಗತದ.’

ರೇವಣಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ‘ಎಂಥಾ ಶಾಣೇ ಭಾಷಾ ಅದರಿ ಇದು! ಪಂಚರು ಕೂತು ಬಗೀಹರಸದ್ದು ಒಂದೇ ಶಬ್ದದಾಗ ಮುಗೀತಲ್ಲ!’ ಎಂದ. ಅಂಥ ಪದ ಕನ್ನಡದಲ್ಲೂ ಇದೆ, ಈಗತಾನೆ ತಾನೇ ಅದನ್ನು ಹೇಳಿದೆ ಎಂದು ಮಾಸ್ತರರು ನೆನಪಿಸಲು ಹೋಗಲಿಲ್ಲ. ಕೆನ್ನೆಯ ಸೋಪು ಒಣಗತೊಡಗಿತ್ತು.

ಸುದ್ದಿ ಹರಡಲು ಇನ್ನೇನು ಬೇಕು? ಆ ಸೀಮೆಯಲ್ಲಿ ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋದರೆ ಅವನು ಅಕ್ಷತೆಗೆ ಬರುವುದಿಲ್ಲ, ಅವನ ಮೊಮ್ಮಕ್ಕಳೂ ಆ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಮಾಸ್ತರರ ವಾಕ್ಯಕ್ಕೂ ಈಗ ಲಗ್ನಪತ್ರಿಕೆಯ ಗತಿ ಬಂತು. ರೇವಣಪ್ಪ ಹೊರಗೆ ಹೋಗುತ್ತಲೇ ಪ್ಯಾರಿಬಿಯ ಗಂಡ ಚಮನಸಾಬ ಒಳಗೆ ಬಂದ. ಹಿಂದೆಯೇ ಸೆರಗು ಸರಿಮಾಡಿಕೊಳ್ಳುತ್ತ ಪ್ಯಾರಿಬಿ.

‘ಹರ್ ಬಫೆಲೋ ಅಂದ್ರ ಈಕಿ ಎಮ್ಮಿ ಅಂತರಿ? ಅಫಜಲಪುರ ಸಂತಿಯಿಂದ ಹಗ್ಗ ಹಿಡದು ನಡಸ್ಕೊಂಡು ಬಂದಾಂವ ನಾನು. ನನ್ನ ಹೆಸರು ಎಲ್ಲದರಿ?’

‘ನಡಸ್ಕೊಂಡು ಬಂದಿ ಖರೇ, ಹಾಲು ಹಿಂಡಾಕಿ ಯಾರು?’ ಎಂದಳು ಪ್ಯಾರಿಬಿ.

‘ಪ್ಯಾರಿಬಿ ಆ್ಯಂಡ್ ಹರ್ ಹಸ್ಬೆಂಡ್ ಚಮನಸಾಬ ಆ್ಯಂಡ್ ದೇರ್ ಬಫೆಲೋ’ ಎಂದು ಮಾಸ್ತರರು ಒಂದೇ ಉಸಿರಿಗೆ ಪೋಣಿಸಿದರು. ಅರ್ಥ ಕೇಳಿ ಇಬ್ಬರೂ ಒಟ್ಟಿಗೆ ನಕ್ಕರು. ಎಮ್ಮೆ ಕೊಂಡಾಗಿನಿಂದ ಅವರು ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು.

ಇಷ್ಟು ಹೊತ್ತೂ ಬಾಗಿಲ ಹಿಂದೆ ನಿಂತಿದ್ದವಳು ಬಾಡಿಗೆಮನೆಯ ಒಡತಿ ಕಸ್ತೂರಿಬಾಯಿ. ದಿನಾ ರೊಟ್ಟಿಯ ತಾಟನ್ನು ಕೈಗೆ ಕೊಡುತ್ತಿದ್ದವಳು ಇಂದು ನೆಲದ ಮೇಲೆ ಕುಕ್ಕಿದಳು. ‘ಇರ್ಲಿ ಬಿಡ್ರಿ. ರೊಟ್ಟಿ ಬಡದು ಹಾಕಿದಾಕಿ ನಾ. ನಿಮ್ಮ ಇಂಗ್ಲೀಷಿನ್ಯಾಗ ಎಮ್ಮಿಗಿ ಜಾಗಾ ಅದ, ನನಗಿಲ್ಲ.’

ಮಾಸ್ತರರು ರೊಟ್ಟಿ ನೋಡಿದರು, ಅವಳ ಮುಖ ನೋಡಿದರು. ‘ಕಸ್ತೂರಿಬಾಯಿ, ಹೂಸ್ ರೊಟ್ಟಿ ಎವ್ರಿಬಡಿ ಪ್ರೇಸಸ್. ಯಾರ ರೊಟ್ಟಿ ಎಲ್ಲಾರೂ ಹೊಗಳತಾರೋ ಆ ಕಸ್ತೂರಿಬಾಯಿ. ಅಲ್ಲೇ ಬಾವಿ ದಂಡೀಮ್ಯಾಲ ನಿಂದರಸ್ತೇನಿ ನಿಮಗ.’ ರೊಟ್ಟಿಯ ಮೇಲೆ ತಕ್ಷಣ ಬೆಣ್ಣೆ ಬಿತ್ತು.

ಕೊನೆಗೆ ಬಂದವನು ದೌಲತರಾಯ. ‘ಬಾವಿ ಇಬ್ಬರದು ಅಂದ್ರಂತ, ಇರ್ಲಿ. ಆದ್ರ ನೀರು ಕುಡ್ಯಾಕ ಬಂದ ದನಾ ತಡದ ಅಂತ ನನ್ನ ಹೆಸರು ಕೆಡಸಬ್ಯಾಡ್ರಿ. ಹಂಗಂತ ತಡಿಯೋ ತಾಕತ್ತಿಲ್ಲ ಅಂತಾನೂ ಆಗಬಾರದು ನೋಡ್ರಿ.’

ಮಾಸ್ತರರು ಕಣ್ಣು ಮುಚ್ಚಿ ಯೋಚಿಸಿ ‘ಆಲ್‌ದೋ’ ಎಂದರು. ತಡೆಯಬಲ್ಲವನಾಗಿದ್ದರೂ ದೌಲತರಾಯ ತಡೆಯಲಿಲ್ಲ ಎಂದು ಬಿಡಿಸಿ ಹೇಳಿದಾಗ ಅವನ ಮೀಸೆ ಅರಳಿತು. ‘ಗೌಡಕೀನೂ ಉಳೀತು, ಪುಣ್ಯಾನೂ ಬಂತು. ಇಂಗ್ಲೀಷರು ಸುಮ್ಮನ ರಾಜ್ಯಾ ಆಳಿಲ್ಲ ಬಿಡ್ರಿ’ ಎಂದು ಹೋದವನು, ಬಾಗಿಲಲ್ಲಿ ತಿರುಗಿ ಕೇಳಿದ: ‘ನಿಮ್ಮ ಹೆಸರು ಎಲ್ಲದರಿ ಮಾಸ್ತರ್ ಅದರಾಗ?’

‘ಬರ್ಯಾಂವ ಹೊರಗಿರಬೇಕ್ರಿ’ ಎಂದು ಮಾಸ್ತರರು ನಕ್ಕು, ಉಳಿದರ್ಧ ಮುಖವನ್ನು ಹಾಗೇ ಬಿಟ್ಟು ಶಾಲೆಗೆ ಓಡಿದರು.

ವಾಕ್ಯ ಕಪ್ಪುಹಲಗೆಯಲ್ಲಿ ಹಿಡಿಸಲಿಲ್ಲ. ಕೆಳಗಿನ ಸಿಮೆಂಟು ಪಟ್ಟಿಗೆ ಇಳಿದು, ಅಲ್ಲಿಂದ ಕಿಟಕಿಯತನಕ ಹೋಯಿತು. ಕಿಟಕಿಯ ಆಚೆ ಊರೇ ನಿಂತಿತ್ತು. ಒಳಗೆ ಕುರ್ಚಿಯಲ್ಲಿ ಚಂದ್ರಾಮಪ್ಪ ಸಾಹೇಬರು, ಜೇವರ್ಗಿ ಕಡೆಯವರು, ಯಾವ ಶಾಲೆಯಲ್ಲೂ ನಕ್ಕ ದಾಖಲೆಯಿಲ್ಲ. ಮಾಸ್ತರರು ಓದತೊಡಗಿದರು. ಮದುವೆ ಮನೆಯಲ್ಲಿ ಆಹೇರಿನ ಉಡುಗೊರೆ ಕೊಟ್ಟವರ ಹೆಸರು ಕೂಗಿದಂತೆ ಒಂದೊಂದು ಹೆಸರು ಬಂದಾಗಲೂ ಹೊರಗೆ ಚಪ್ಪಾಳೆ ಬಿತ್ತು.

‘ಇಷ್ಟುದ್ದ ಯಾಕ್ರಿ?’ ಎಂದರು ಸಾಹೇಬರು. ‘ಮಕ್ಕಳಿಗೆ ತಿಳೀತದೇನು?’

ಪಾಠಕ್ಕೆ ನಿಂತರೆ ಮಾಸ್ತರರು ಬೇರೆಯೇ ಮನುಷ್ಯ. ಕೋಲು ಎತ್ತಿ ಮಕ್ಕಳತ್ತ ತಿರುಗಿದರು. ‘ಆ್ಯಂಡ್ ಅಂದ್ರ ಕೈ ಹಿಡಿಯೋದು. ಬಟ್ ಅಂದ್ರ ಹಿಡದ ಕೈ ಬಿಡದ ಮಾರಿ ತಿರುವೋದು. ಹಿ, ಶಿ ಅಂದ್ರ ಹೆಸರು ದಣದಾಗ ಅದರ ಬದ್ಲಿ ಕೆಲಸಕ್ಕ ಬರಾವು. ಹಿಸ್, ಹರ್, ದೇರ್ ಅಂದ್ರ ಎಮ್ಮಿ ಕೊರಳಾಗಿನ ಹಗ್ಗ. ಅದನ್ನ ಹಿಡದು ಹೋಗ್ರಿ, ಯಜಮಾನ್ರ ಮನಿ ಸಿಗತದ.’ ಮಕ್ಕಳು ಹಗ್ಗ ಹಿಡಿದು ಹೋದರು. ಕೇಳಿದ ಒಂದೊಂದು ಪದಕ್ಕೂ ಅದರ ಮನೆ ತೋರಿಸಿದರು, ಒಬ್ಬರೂ ದಾರಿ ತಪ್ಪಲಿಲ್ಲ. ಎಷ್ಟು ಚೆಂದದ ಪಾಠ! ಸಾಹೇಬರು ನಕ್ಕರು.

‘ಆಳಂದದ ಜಾಗಾ ನಿಮಗೇ ಬರೀತೇನ್ರಿ’ ಎಂದು ಅವರು ಮಾಸ್ತರರ ಬೆನ್ನು ತಟ್ಟಿದ್ದನ್ನು ಕಿಟಕಿಯಲ್ಲಿದ್ದ ಕಸ್ತೂರಿಬಾಯಿ ಕೇಳಿಸಿಕೊಂಡಳು.

‘ಅಯ್ಯಯ್ಯ! ಮಾಸ್ತರ್ ಆಳಂದಕ್ಕ ಹೊಂಟಾರಂತ!’

ಜೀಪಿನ ಮುಂದೆ ಮೊದಲು ನಿಂತವರು ದೌಲತರಾಯ ಮತ್ತು ರೇವಣಪ್ಪ. ವರ್ಷಗಳ ಮೇಲೆ ಅಣ್ಣತಮ್ಮಂದಿರು ಹೆಗಲಿಗೆ ಹೆಗಲು ಕೊಟ್ಟಿದ್ದರು. ‘ಸಾಹೇಬ್ರ, ಇವರು ಇರೋತನಕ ಬಾವಿ ಇಬ್ಬರದು. ನಾಳೆ ಹೊಸಾ ಮಾಸ್ತರ್ ಬಂದು ಅಳಿಸಿದ್ರ?’ ಎಂದ ರೇವಣಪ್ಪ. ಚಮನಸಾಬ ಚಕ್ರದ ಮುಂದೆ ಎಮ್ಮೆಯನ್ನೇ ತಂದು ಮಲಗಿಸಿದ. ಹೆಂಡತಿ ಆಳಂದದಲ್ಲಿದ್ದಾಳೆ ಎಂದು ಮಾಸ್ತರರು ಕೂಗಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಸಾಹೇಬರ ಕಣ್ಣು ತುಂಬಿ ಬಂದಿತ್ತು. ‘ಇಂಥಾ ಮಾಸ್ತರನ್ನ ಈ ಊರಿಂದ ಕಿತ್ರ ನನಗ ಪಾಪ ಬರತದ್ರಿ’ ಎಂದು ಶಾಲೆಯೊಳಗೆ ಹೋಗಿ, ಸೀಮೆಸುಣ್ಣ ಹಿಡಿದು, ಕಿಟಕಿಯ ಹತ್ತಿರ ಮುಗಿದಿದ್ದ ವಾಕ್ಯಕ್ಕೆ ತಾವೇ ಬಾಲ ಸೇರಿಸಿದರು: ‘ಆ್ಯಂಡ್ ದೇರ್ ಮಾಸ್ತರ್ ವಿಲ್ ಸ್ಟೇ ವಿತ್ ದೆಮ್.’ ಅವರ ಮಾಸ್ತರರು ಅವರ ಜೊತೆಗೇ ಇರುತ್ತಾರೆ. ಹೊರಗಿದ್ದ ಮಾಸ್ತರರನ್ನೂ ಹೀಗೆ ವಾಕ್ಯದೊಳಗೆ ತಂದಾಯಿತು. ಊರವರು ಮಾಸ್ತರರಿಗೆ ಹಾರ ಹಾಕಿ, ಎಂದಿನ ಶನಿವಾರದ ಬಸ್ಸಿನತನಕ ಬಂದು ಕಳಿಸಿಕೊಟ್ಟರು.

ಸಂಜೆ ಆಳಂದ ಮುಟ್ಟಿದಾಗಲೂ ಹಾರ ಕೊರಳಲ್ಲೇ ಇತ್ತು. ಶಿವಕಾಂತಾ ಹಾರ ನೋಡಿ ವರ್ಗವಾಯಿತೆಂದೇ ತಿಳಿದು ಬಾಗಿಲಲ್ಲೇ ಬಾಯಿಗೆ ಸಕ್ಕರೆ ಹಾಕಿದಳು. ಅದು ಕರಗುವಷ್ಟರಲ್ಲಿ ಮಾಸ್ತರರು ನಡೆದದ್ದೆಲ್ಲ ಹೇಳಿಬಿಟ್ಟರು. ಅವಳು ಸಿಡುಕಲಿಲ್ಲ. ಇಡೀ ವಾಕ್ಯವನ್ನು ಅರ್ಥಸಮೇತ ಹೇಳಿಸಿ ಕೇಳಿದಳು. ಮಾಸ್ತರರಿಗೆ ಬದುಕಿಕೊಂಡೆ ಎನ್ನಿಸಿತು.

‘ಭಾಳ ಛಂದ ಅದರಿ’ ಎಂದಳು ಶಿವಕಾಂತಾ. ‘ಎಮ್ಮಿ ಅದ, ಬಾವಿ ಅದ, ಕಸ್ತೂರಿಬಾಯಿ ರೊಟ್ಟೀನೂ ಅದ. ನಾ ಎಲ್ಲಿ ಅದೀನ್ರಿ?’

ಬಾಗಿಲು ಮುಚ್ಚಿತು.

ಮಾಸ್ತರರು ಜೇಬು ತಡಕಾಡಿದರು. ಸೀಮೆಸುಣ್ಣದ ಚೂರೊಂದು ಸಿಕ್ಕಿತು. ಮುಚ್ಚಿದ ಬಾಗಿಲ ಮೇಲೆಯೇ ದಪ್ಪಕ್ಷರದಲ್ಲಿ ‘ಶಿವಕಾಂತಾ ಆ್ಯಂಡ್ ಹರ್ ಹಸ್ಬೆಂಡ್’ ಎಂದು ಬರೆಯತೊಡಗಿದರು. ಆಗ ಪಕ್ಕದ ಮನೆಯ ಸುಂದರಬಾಯಿ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ಇಂಗ್ಲೀಷೇನ್ರಿ ಮಾಸ್ತರ್? ನಾ ಅದೀನೇನು ಅದರಾಗ?’